ಎರಡೇ ಉತ್ತರ ಬರೆದು ಬಂದ ನಾದಿನಿ

ಮೊಮ್ಮಗಳ ಕಾಲೇಜಿನಲ್ಲಿ ಮನೆಯವರನ್ನೆಲ್ಲ ಕರೆದು ಒಂದು ಭಾಷಣ ಇಟ್ಟಿದ್ದರು. ಅವಳ ಅಪ್ಪ ಅಮ್ಮನಿಗೆ ಬಿಡುವಿರಲಿಲ್ಲ, ನಾನು ಹೋದೆ. ಕಾಲೇಜಿನಲ್ಲಿ ಗೆಲ್ಲುವ ಮಕ್ಕಳಿಗೆ ಎಂಥ ಗುಣ ಇರಬೇಕು ಅಂತ ಕೋಟು ಹಾಕಿದವರೊಬ್ಬರು ಬಹಳ ಹೊತ್ತು ಹೇಳಿದರು. ಶಿಸ್ತು ಅಂದರು, ಗುರಿ ಅಂದರು, ಛಲ ಅಂದರು. ಹಿಡಿದದ್ದನ್ನು ಮುಗಿಸದೆ ಬಿಡಬಾರದು ಅಂತ ಮೇಜು ಕುಟ್ಟಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಹಿಡಿದದ್ದನ್ನು ಬಿಡದೆ ಇದ್ದುದಕ್ಕೇ ನಮ್ಮ ಮನೆಯಲ್ಲಿ ಒಬ್ಬಳ ಓದು ಇನ್ನೇನು ನಿಂತುಹೋಗುವುದರಲ್ಲಿತ್ತು.

ಮನೆಗೆ ಬಂದು ಹಾಗಂದೆ. ಮೊಮ್ಮಗಳು ಕಾಗದ ಪೆನ್ನು ಮುಂದಿಟ್ಟು ಬರೆ ಅಂದಳು. ನಾನು ಓದಿದ್ದು ತವರೂರು ಹನೂರಿನಲ್ಲಿ ಮೂರನೇ ಕ್ಲಾಸು. ಒತ್ತಕ್ಷರ ತಪ್ಪಿದರೆ ನೀನು ತಿದ್ದು, ನಡೆದದ್ದನ್ನು ತಿದ್ದಬೇಡ ಅಂತ ಅವಳಿಗೆ ಹೇಳಿದ್ದೇನೆ.

ಕೊಳ್ಳೇಗಾಲದ ನೇಕಾರರ ಮನೆಗೆ ನಾನು ಸೊಸೆಯಾಗಿ ಬಂದದ್ದು ಐವತ್ತಾರನೇ ಇಸವಿಯಲ್ಲಿ. ಅಲ್ಲಿಯ ತನಕ ನಮ್ಮೂರುಗಳು ಮದರಾಸಿನ ಕಡೆಗಿದ್ದವು, ದೊಡ್ಡ ಕಚೇರಿ ಕೆಲಸಕ್ಕೆಲ್ಲ ಕೊಯಮತ್ತೂರಿಗೆ ಹೋಗಬೇಕಿತ್ತು. ಆ ವರ್ಷ ಮೈಸೂರಿಗೆ ಸೇರಿಸಿದರು. ಪಕ್ಕದ ಯಳಂದೂರು ಮೊದಲಿನಿಂದಲೂ ಮೈಸೂರಿನದು. ಆ ಕಡೆಯವರು ಸಿಕ್ಕಾಗ “ನೀವು ಮೊನ್ನೆ ಬಂದೋರು ಕಣ್ರಿ” ಅಂತ ನಮ್ಮನ್ನು ಆಡಿಕೊಳ್ಳುತ್ತಿದ್ದರು. ನನ್ನ ಮಾವ ಅದನ್ನೂ ನನ್ನ ತಲೆಗೇ ಕಟ್ಟಿದರು. “ಇವ್ಳು ಮನೆಗ್ ಬಂದ್ಲು, ಊರು ಮೈಸೂರ್ಗೋಯ್ತು” ಅಂತ ಬಂದವರಿಗೆಲ್ಲ ಹೇಳುತ್ತಿದ್ದರು.

ಮನೆಯಲ್ಲಿ ಎರಡು ಗುಂಡಿ ಮಗ್ಗ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಒಂದರಲ್ಲಿ ಮಾವ, ಇನ್ನೊಂದರಲ್ಲಿ ನನ್ನ ಗಂಡ ರೇಷ್ಮೆ ಸೀರೆ ನೇಯುತ್ತಿದ್ದರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಬಂದ ದಿನದಿಂದ ಒಲೆ ನನ್ನದು. ಇನ್ನು ಉಳಿದವಳು ನಾದಿನಿ. ಆಗ ಲಂಗ ತೊಟ್ಟು ಕುಣಿಯುವ ಕೂಸು.

ಆ ಕೂಸಿನ ಕೈಗೆ ನಮ್ಮ ಮನೆಯಲ್ಲಿ ಬೇರೆಯೇ ಮರ್ಯಾದೆ. ಮಗ್ಗದ ಮೇಲಿನ ಹಳೆಯ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಕೂಡಿಸಬೇಕು. ಸಾವಿರಗಟ್ಟಲೆ ಎಳೆ, ಕೂದಲಿಗಿಂತ ಸಣ್ಣ. ಬೆರಳು ಒರಟಾದರೆ ರೇಷ್ಮೆ ಸಿಕ್ಕಿಕೊಂಡು ಮುಳ್ಳು ತಾಗಿದ ಹಾಗೆ ಎದ್ದುಬಿಡುತ್ತದೆ. ಅದಕ್ಕೇ ನಮ್ಮ ಮನೆಗಳಲ್ಲಿ ಎಳೆ ಕೂಡಿಸುವ ಹೆಣ್ಣುಮಕ್ಕಳನ್ನು ಪಾತ್ರೆ ತಿಕ್ಕಲು ಬಿಡುವುದಿಲ್ಲ, ಸೌದೆ ಮುರಿಯಲು ಬಿಡುವುದಿಲ್ಲ, ಒಲೆಯ ಹತ್ತಿರ ಸುಳಿಯಲು ಬಿಡುವುದಿಲ್ಲ. ನಾದಿನಿ ಹದಿನಾರು ತುಂಬುವ ತನಕ ಒಂದು ಲೋಟ ಕಾಫಿ ಕಾಸಿದವಳಲ್ಲ. ನನ್ನ ಕೈ ಹನೂರಿನಲ್ಲೇ ಕಳೆ ಕಿತ್ತು ಕೆಟ್ಟಿತ್ತು. ಅದಕ್ಕೆ ಯಾವ ಮರ್ಯಾದೆಯೂ ಇರಲಿಲ್ಲ.

ಮಾವನದು ಇನ್ನೊಂದು ಕಟ್ಟುಪಾಡು. ಒಂದು ಸೀರೆ ಹಿಡಿದರೆ ಅದು ಮುಗಿಯುವ ತನಕ ಇನ್ನೊಂದರ ಮಾತಿಲ್ಲ. ತಪ್ಪು ಕಂಡರೆ ಮುಂದೆ ಹೋಗುವ ಹಾಗಿಲ್ಲ. ಗೇಣುದ್ದ ನೇಯ್ದಿದ್ದರೂ ಸರಿ, ತಪ್ಪಿನ ತನಕ ಎಳೆ ಎಳೆಯಾಗಿ ಬಿಚ್ಚಿ ಮತ್ತೆ ನೇಯಬೇಕು. ಊಟಕ್ಕೆ ಎರಡು ಮೂರು ಸಲ ಕರೆಯಬೇಕಿತ್ತು, ಕರೆದರೂ ಕೈಯಲ್ಲಿದ್ದ ಲಾಳಿ ಆಚೆ ದಡ ಮುಟ್ಟದೆ ಏಳುತ್ತಿರಲಿಲ್ಲ. “ನಮ್ ಮನೇಲಿ ಅರ್ಧಕ್ಕೆ ಬುಡೋರು ಉಟ್ಟಿಲ್ಲ” ಅನ್ನುವುದು ಅವರ ಮಾತು. ನಾದಿನಿ ಅದನ್ನು ಕೇಳಿಕೊಂಡೇ ಬೆಳೆದಳು.

ಅವಳು ಎಸ್ಸೆಸ್ಸೆಲ್ಸಿ ಪಾಸಾದಳು. ನಮ್ಮ ಬೀದಿಯಲ್ಲಿ ಅಷ್ಟು ಓದಿದ ಹೆಣ್ಣು ಅವಳೇ ಮೊದಲು. ಊರಿಗೂ ಅಷ್ಟರಲ್ಲಿ ಕಾಲೇಜು ಬಂದಿತ್ತು. ಆಗ ಪಿ.ಯು.ಸಿ. ಒಂದೇ ವರ್ಷ. ಸೇರುತ್ತೇನೆ ಅಂತ ಹಟ ಹಿಡಿದಳು. ಮಾವ ಯೋಚನೆ ಮಾಡಿ ಕೊನೆಗೆ ಹೇಳಿದರು.

“ಒಂದು ವರ್ಸ ಓದವ್ವ. ಪಾಸಾದ್ರೆ ಮುಂದಕ್ಕೂ ಓದು, ನಾ ಬ್ಯಾಡ ಅನ್ನಕಿಲ್ಲ. ಫೇಲಾದ್ರೆ ಎರಡ್ನೇ ಸಲ ಅನ್ನೋದಿಲ್ಲ. ಯಳಂದೂರಿಗೆ ಧಾರೆ ಎರ್ದು ಕೊಟ್ಬುಡ್ತೀನಿ.”

ಯಳಂದೂರಿನಲ್ಲಿ ಒಂದು ಗಂಡು ಕಾದಿತ್ತು. ಸ್ವಂತ ಮಗ್ಗ ಇದ್ದ ಮನೆ. ಗಂಡು ಕೆಟ್ಟವನಲ್ಲ. ಮಾತಾಡುವಾಗ ಕಿವಿ ಕೆರೆದುಕೊಳ್ಳುತ್ತಿದ್ದ, ಅಷ್ಟೇ. ರೇಷ್ಮೆ ಹುರಿ ಕೇಳುವ ನೆಪದಲ್ಲಿ ಬಸ್ಸು ಹತ್ತಿ ಬಂದು ನಮ್ಮ ಜಗಲಿಯ ಮೇಲೆ ಕುಳಿತಿರುತ್ತಿದ್ದ. ಆದರೆ ನಾದಿನಿಗೆ ಮೇಷ್ಟ್ರಾಗಬೇಕು ಅನ್ನುವ ಆಸೆ. ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವಾಗ ರಾಟೆಗೇ ಪಾಠ ಹೇಳುತ್ತಿದ್ದಳು.

ಕಾಲೇಜಿಗೆ ಹೋದಳು. ಓದುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಹುಡುಗನಿದ್ದ, ಅದೇ ಕ್ಲಾಸಿನವನು. ಒಂದು ಸಲ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಆದರೆ ಕುಂಡಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಪ್ಯಾಂಟಿಗೆ ಇಸ್ತ್ರಿ ಹಾಕಿಸಿಕೊಂಡು ಸಿನಿಮಾ ಟೆಂಟಿನ ಸುತ್ತ ಇರುತ್ತಿದ್ದ. ನಮ್ಮವಳದ್ದು ಅದಕ್ಕೆ ಉಲ್ಟಾ. ಕುಳಿತರೆ ಏಳುವವಳೇ ಅಲ್ಲ. ಇವಳು ಪಾಸಾಗದೆ ಇನ್ನು ಯಾರು ಅಂತ ನಾನೂ ಅಂದುಕೊಂಡಿದ್ದೆ.

ಅರ್ಧ ವರ್ಷದ ಪರೀಕ್ಷೆ ಆಯಿತು. ಬಹಳ ಚೆನ್ನಾಗಿ ಬರೆದೆ ಅಂತ ಬಂದು ಹೇಳಿದಳು. ಆಮೇಲೆ ನೋಡಿದರೆ ಎಲ್ಲದರಲ್ಲೂ ಫೇಲು. ಕನ್ನಡ ಒಂದು ಬಿಟ್ಟು.

ಅವಳಿಗೆ ಇತಿಹಾಸ ಕಲಿಸುವ ಮೇಷ್ಟ್ರು ಮೈಸೂರಿನವರು. ತಂಗಿಯ ಮದುವೆಗೆ ಸೀರೆ ಹೇಳಲು ಅದೇ ಹೊತ್ತಿಗೆ ನಮ್ಮ ಮನೆಗೆ ಬಂದರು. ಅಂಚಿಗೆ ಯಾವ ಬಣ್ಣ ಅನ್ನುವ ಮಾತು ಮುಗಿದ ಮೇಲೆ ಮಾವನೇ ಕೇಳಿದರು.

“ನಮ್ ಕೂಸು ಯಾಕ್ ಸಾ ಇಂಗಾಯ್ತು? ತಲೆಗೆ ಅತ್ತಾಕಿಲ್ವಾ?”

“ತಲೆ ಚೆನ್ನಾಗಿದೆ ಯಜಮಾನ್ರೇ” ಅಂದರು ಮೇಷ್ಟ್ರು. “ಐದು ಪ್ರಶ್ನೆಗೆ ಉತ್ತರ ಬರೀಬೇಕು. ನಿಮ್ಮ ಮಗಳು ಎರಡೇ ಬರೆದಿದ್ದಾಳೆ. ಆ ಎರಡು ನೋಡಿದರೆ ನಾನೇ ಬರೆಯೋಕಾಗಲ್ಲ, ಹಾಗಿದೆ. ಎರಡನೇದನ್ನ ಪೂರ್ತಿ ಹೊಡೆದುಹಾಕಿ ಮೊದಲಿಂದ ಮತ್ತೆ ಬರೆದಿದ್ದಾಳೆ. ಅಷ್ಟರಲ್ಲಿ ಗಂಟೆ ಹೊಡೀತು.”

“ತಪ್ ಕಾಣುಸ್ತೇನೋ. ಬಿಚ್ಚವ್ಳೆ” ಅಂದರು ಮಾವ. ಮುಖ ನೋಡಿದರೆ ಮಗಳು ಬಹುಮಾನ ಗೆದ್ದು ಬಂದ ಹಾಗಿತ್ತು. “ನಮ್ ಮನೇಲಿ ಯಾರೂ ಅರ್ಧಕ್ಕೆ ಬುಡಾಕಿಲ್ಲ ಸಾ.”

“ಅದೇ ತೊಂದರೆ” ಅಂದರು ಮೇಷ್ಟ್ರು. “ಮಿಕ್ಕ ಮೂರು ಪ್ರಶ್ನೆ ಓದಿಯೂ ಇಲ್ಲ ಅವಳು. ಸುಮ್ಮನೆ ಎರಡೆರಡು ಸಾಲು ಗೀಚಿದ್ದರೂ ಪಾಸಾಗೋಳು.”

“ಗೀಚದಾ?” ಅಂದರು ಮಾವ. ಅವರಿಗೆ ಆ ಮಾತು ಹಿಡಿಸಲಿಲ್ಲ.

ನಾದಿನಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಎಸ್ಸೆಸ್ಸೆಲ್ಸಿಯಲ್ಲಿ ಸಣ್ಣ ಸಣ್ಣ ಪ್ರಶ್ನೆ, ಅದೂ ಕನ್ನಡದಲ್ಲಿ. ಹೇಗೋ ದಾಟಿದ್ದಳು. ಇಲ್ಲಿ ಪುಟಗಟ್ಟಲೆ ಇಂಗ್ಲಿಷಿನಲ್ಲಿ ಬರೆಯಬೇಕು. ಮೇಷ್ಟ್ರು ಹೋದ ಮೇಲೆ ನಾನು ಅವಳನ್ನು ಹಿಡಿದುಕೊಂಡೆ.

“ಅಲ್ಲ ಕಣಮ್ಮಿ, ಬರ್ದಿದ್ದು ಸಾಕು ಅಂತ ಬುಟ್ಟು ಮುಂದಕ್ಕೋಗಾಕೆ ಏನ್ ರೋಗ?”

“ಆಗಾಕಿಲ್ಲ ಅತ್ಗೆ. ಬುಟ್ರೆ ಮೈಯೆಲ್ಲ ಕಡದಂಗಾಯ್ತದೆ.”

“ಯಳಂದೂರಲ್ಲಿ ಕಂಡಿಕೆ ಸುತ್ತುವಾಗ ಕೆರ್ಕೋ ಬುಡು. ನಿನ್ ಗಂಡ ಎಂಗೂ ಕಿವಿ ಕೆರೀತಾನೆ. ಇಬ್ರೂ ಕೂತ್ಕಂಡು ಕೆರ್ಕೊಳ್ಳಿ.”

ಅತ್ತಳು. ಆಮೇಲೆ ನಕ್ಕಳು. ಆಮೇಲೆ ಮತ್ತೆ ಹೋಗಿ ಅದೇ ಎರಡನೇ ಪ್ರಶ್ನೆಯ ಉತ್ತರ ಇನ್ನೂ ಚೆನ್ನಾಗಿ ಬರೆಯಲು ಕುಳಿತಳು. ಬೈದರೆ ಮನುಷ್ಯರು ಬದಲಾಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಬೈದೆ, ನನ್ನ ಸಮಾಧಾನಕ್ಕೆ.

ಅವರೆಕಾಯಿ ಕಾಲ ಬಂತು. ಒಂದು ಬೆಳಿಗ್ಗೆ ಮುದ್ದೆಗೆ ಇಟ್ಟ ಎಸರು ಇಳಿಸುವಾಗ ಮಡಕೆ ಜಾರಿ ಬಲಗೈ ಸುಟ್ಟುಕೊಂಡೆ. ಮಣಿಕಟ್ಟಿನ ತನಕ ಬೊಬ್ಬೆ. ಬಟ್ಟೆ ಸುತ್ತಿಕೊಂಡು ಕುಳಿತೆ. ಉಣ್ಣುವುದಕ್ಕೂ ಎಡಗೈ. ಅಡಿಗೆ ಮಾಡುವವರು ಯಾರು? ಪಕ್ಕದ ಮನೆಯವರು ನಾಲ್ಕು ದಿನ ಕೊಟ್ಟರು. ಅವರ ಮನೆಯಲ್ಲೂ ಮದುವೆ ಸೀರೆಗಳ ಅವಸರ, ಎಷ್ಟು ದಿನ ಅಂತ ಕೊಟ್ಟಾರು. ಕೊನೆಗೆ ಮಾವ ಮುಖ ಗಂಟಿಕ್ಕಿಕೊಂಡು ಒಪ್ಪಿದರು. ಎಳೆ ಕೂಡಿಸುವ ಕೈ ಒಲೆಗೆ ಹೋಯಿತು. ಇದರಲ್ಲಿ ನನ್ನ ಬುದ್ಧಿವಂತಿಕೆ ಏನೂ ಇಲ್ಲ. ಹೊಟ್ಟೆಗೆ ಬೇಕಿತ್ತು, ಅಷ್ಟೇ.

ಮೊದಲ ದಿನ ಅವರೆಬೇಳೆ ಸಾರು ಮಾಡು ಅಂದೆ. ನೆನೆಸಿದ ಕಾಳಿನ ಸಿಪ್ಪೆಯನ್ನು ಒಂದೊಂದಾಗಿ ಹಿಸುಕಿ ತೆಗೆಯಬೇಕಲ್ಲ, ಆ ಕೆಲಸ ಅವಳಿಗೆ ಬಹಳ ಒಗ್ಗಿತು. ನಾನು ಜಗಲಿಯಲ್ಲಿ ಕುಳಿತೇ ತೂಕಡಿಸಿದೆ. ಕಣ್ಣು ಬಿಟ್ಟರೆ ಗಂಡಸರು ಕೈಕಾಲು ತೊಳೆದುಕೊಂಡು ಎಲೆಯ ಮುಂದೆ ಕುಳಿತಿದ್ದಾರೆ.

“ಏನವ್ವ ಅಡ್ಗೆ?” ಅಂದರು ಮಾವ.

“ಅವರೆಬ್ಯಾಳೆ ಸಾರು ಕಣಪ್ಪ.”

“ತಕಂಡ್ ಬಾ ಮತ್ತೆ.”

“ಇನ್ನೂ ಇಸುಕ್ತಾ ಇವ್ನಿ.”

ಒಳಗೆ ಹೋಗಿ ನೋಡಿದೆ. ಒಲೆ ಹೊತ್ತಿಸಿಯೇ ಇಲ್ಲ. ಮುದ್ದೆಗೆ ಎಸರಿಲ್ಲ. ಮೊರದ ತುಂಬ ಬೇಳೆ ಮಾತ್ರ ಮುತ್ತು ಸುರಿದ ಹಾಗೆ. ಒಂದಕ್ಕೂ ಉಗುರು ತಾಗಿಲ್ಲ, ಒಂದಾದರೂ ಹೋಳಾಗಿಲ್ಲ. ಗಂಡಸರು ರಾತ್ರಿಯ ತಂಗಳು ಮುದ್ದೆಯನ್ನು ಮಜ್ಜಿಗೆಗೆ ಕಿವುಚಿಕೊಂಡು ಕುಡಿದು ಎದ್ದರು. ಹೋಗುವಾಗ ಮಾವ ಮೊರ ನೋಡಿ “ಕೆಲ್ಸ ಅಚ್ಚುಕಟ್ಟು” ಅಂದರು. ನನ್ನ ಗಂಡ “ನಾಳೆಗಾದ್ರೂ ಬೇಯಿಸವ್ವ” ಅಂದರು.

ಅದಾದ ಮೇಲೆ ನಾನು ಅಡಿಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತುಬಿಟ್ಟೆ. ಕೈ ಸುಟ್ಟಿತ್ತು, ಬಾಯಿ ಸುಟ್ಟಿರಲಿಲ್ಲ. ಮಾರನೆಯ ದಿನ ಸೌದೆ ಹಸಿ. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಊದಿದಳು, ಊದಿದಳು. ಕಣ್ಣು ಮೂಗೆಲ್ಲ ನೀರು. ಬೇರೆ ಏನನ್ನೂ ಮುಟ್ಟಲಿಲ್ಲ.

“ಅದು ಒಗೆ ಆಡ್ಕಂಡಿರ್ಲಿ ಬುಡು” ಅಂದೆ. “ಈ ಕಡೆ ಬಂದು ಕಾಯಿ ತುರಿ.”

“ಒಲೆ ಅತ್ತಿಸೋದ ಅರ್ಧಕ್ಕೆ ಬುಟ್ಟಾ?”

“ಬುಟ್ರೆ ಏನು ಎದ್ದು ಓಡೋಯ್ತದಾ ಒಲೆ? ಕಾಯಿ ತುರಿಯೇ ಮೂದೇವಿ.”

ಮುಖ ಉಬ್ಬಿಸಿಕೊಂಡು ಬಂದು ತುರಿಯಲು ಕುಳಿತಳು. ಎರಡು ಸಲ ಎದ್ದು ಒಲೆಯ ಹತ್ತಿರ ಹೋಗಲು ನೋಡಿದಳು, ಎರಡು ಸಲವೂ ಗದರಿಸಿ ಕೂರಿಸಿದೆ. ಕಾಯಿ ಮುಗಿಯಿತು, ಈರುಳ್ಳಿ ಮುಗಿಯಿತು. ತಿರುಗಿ ನೋಡಿದರೆ ಹೊಗೆ ನಿಂತು ಒಲೆ ಧಗಧಗ ಉರಿಯುತ್ತಿದೆ.

“ಅತ್ಗೆ, ಅದು ತಾನೇ ಅತ್ಕತು” ಅಂದಳು. ಯಾರೋ ಕಳ್ಳರು ಬಂದು ಹೊತ್ತಿಸಿ ಹೋದರೇನೋ ಅನ್ನುವ ಹಾಗೆ ನೋಡುತ್ತ ನಿಂತಳು.

“ಊಂ. ಎಸರಿಡು ಈಗ” ಅಂದೆ. ನನಗೆ ಅದರಲ್ಲಿ ಹೆಚ್ಚೇನೂ ಕಾಣಲಿಲ್ಲ. ಅಡಿಗೆ ಮಾಡುವವರಿಗೆಲ್ಲ ಗೊತ್ತಿರುವುದು. ಅವಳು ಮಾತ್ರ ಆವತ್ತು ಉಣ್ಣುವಾಗಲೂ ಏನೋ ಯೋಚನೆ ಮಾಡುತ್ತಲೇ ಇದ್ದಳು.

ಸ್ವಲ್ಪ ದಿನಕ್ಕೆ ಊಟ ಹೊತ್ತಿಗೆ ಸರಿಯಾಗಿ ಬರತೊಡಗಿತು. ಒಂದು ದಿನ ಮುದ್ದೆಯಲ್ಲಿ ಗಂಟು. ಮಾವ ಬೆರಳಲ್ಲಿ ಎತ್ತಿ ತೋರಿಸಿದರು. ಮೊದಲಾಗಿದ್ದರೆ ಅವಳು ತಟ್ಟೆ ಕಿತ್ತುಕೊಂಡು ಹೊಸದಾಗಿ ತೊಳಸಲು ಹೋಗುತ್ತಿದ್ದಳು. ಆವತ್ತು “ಗಂಟ ಪಕ್ಕಕ್ಕಿಟ್ಟು ಉಣ್ಣಪ್ಪ, ಸಾರು ಆರೋಯ್ತದೆ” ಅಂದಳು. ಮಾವ ನನ್ನನ್ನು ನೋಡಿದರು. ನಾನು ಸೂರು ನೋಡಿದೆ.

ಆಮೇಲೆ ಪುಸ್ತಕವೂ ಅಡಿಗೆಮನೆಗೆ ಬಂತು. ಕಾಳು ಬೇಯಲು ಇಟ್ಟು, ಹಳೆಯ ಪ್ರಶ್ನೆಪತ್ರಿಕೆ ಹರಡಿಕೊಂಡು, ಒಲೆಯ ಬೆಳಕಿಗೆ ಓರೆಯಾಗಿ ಕುಳಿತು ಬರೆಯುವಳು. ಪಾತ್ರೆ ಉಕ್ಕಿದರೆ ಬರೆಯುತ್ತಿದ್ದ ಸಾಲನ್ನು ಅಲ್ಲೇ ಬಿಟ್ಟು ಏಳುವಳು. ಎದ್ದು ಸೌಟಾಡಿಸಿ ಬಂದು ಅದೇ ಸಾಲಿಗೆ ಕೂರುತ್ತಾಳೆ ಅಂದುಕೊಂಡಿದ್ದೆ. ಇಲ್ಲ, ಕೆಳಗಿನ ಪ್ರಶ್ನೆಗೆ ಹೋದಳು.

“ಇದೇನಮ್ಮಿ ಹೊಸ ಆಟ?”

“ಉಕ್ತು ಅಂದ್ರೆ ಆ ಪ್ರಶ್ನೆ ಬುಡ್ಬೇಕು ಅತ್ಗೆ. ಅಂಗಂತ ಲೆಕ್ಕ ಇಟ್ಕಂಡಿವ್ನಿ. ಎಲ್ಲಾನೂ ಒಲೆ ಮೇಲಿಟ್ಬುಟ್ಟು, ಆಮೇಲೆ ತಿರುಗ್ ಬಂದು ಯಾವುದು ಬೆಂದಿಲ್ಲ ನೋಡ್ಕಂಡ್ರಾಯ್ತು.”

“ಮತ್ತೆ ಮೈ ಕಡ್ತ?”

“ಕಡೀತದೆ. ಕಡ್ಕಂಡೇ ಓಗ್ತೀನಿ.”

ನನ್ನ ಕೈ ವಾಸಿಯಾಯಿತು. ಅವಳು ಒಲೆ ಬಿಟ್ಟುಕೊಡಲಿಲ್ಲ. ಪರೀಕ್ಷೆ ಮುಗಿಯುವ ತನಕ ತನಗೇ ಇರಲಿ ಅಂದಳು. ನನಗೇನು, ಕೂತು ಉಂಡೆ. ಮದುವೆಯಾಗಿ ಬಂದ ಮೇಲೆ ಹಾಗೆ ಉಂಡದ್ದು ಅದೇ ಮೊದಲು.

ಆದರೆ ಬೆರಳುಗಳು ಕೆಟ್ಟವು. ಮಾವನ ಮಗ್ಗಕ್ಕೆ ಹೊಸ ಹಾಸು ಕೂಡಿಸುವ ದಿನ ಬಂದಾಗ ಅವಳು ಎಳೆ ಹಿಡಿದರೆ ರೇಷ್ಮೆ ಬೆರಳಿಗೆ ಅಂಟಿ ಕೂದಲೇಳುತ್ತಿತ್ತು. ಮಾವ ಅವಳ ಕೈ ಹಿಡಿದು ತಿರುಗಿಸಿ ನೋಡಿದರು.

“ಅತ್ಲಾಗೆ ಕಾಲೇಜೂ ಇಲ್ಲ, ಇತ್ಲಾಗೆ ಕೈಯೂ ಇಲ್ಲ ಅನ್ನಂಗಾದ್ರೆ ಏನ್ ಮಾಡ್ತೀಯವ್ವ?”

ಅವಳು ಕೈ ಎಳೆದುಕೊಂಡಳು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕೊನೆಗೆ ಮಾವನೇ ಕನ್ನಡಕ ಏರಿಸಿಕೊಂಡು ಎಳೆ ಜಾರದ ಹಾಗೆ ಬೆರಳಿಗೆ ವಿಭೂತಿ ಮುಟ್ಟಿಸಿಕೊಂಡು ಎಳೆ ಹೊಸೆಯಲು ಕುಳಿತರು. ಹುಡುಗರಾಗಿದ್ದಾಗ ಮಾಡಿದ್ದ ಕೆಲಸ. ಸೊಂಟ ಹಿಡಿದುಕೊಂಡಿತು. ಮನೆಯಲ್ಲಿ ಇದ್ದಬದ್ದವರನ್ನೆಲ್ಲ ಬೈದರು, ಕೊಯಮತ್ತೂರನ್ನೂ ಮೈಸೂರನ್ನೂ ಸೇರಿಸಿ ಬೈದರು.

ದೊಡ್ಡ ಪರೀಕ್ಷೆ ನಡೆಯಿತು. ಇತಿಹಾಸದ ದಿನ ಮನೆಗೆ ಬಂದವಳನ್ನು ಮಾವ ಮಗ್ಗದಿಂದಲೇ ಕೇಳಿದರು.

“ಎಂಗ್ ಬರ್ದೆ?”

“ಐದೂ ಮುಟ್ಟಿವ್ನಿ ಕಣಪ್ಪ. ಒಂದೂ ಮನ್ಸಿಗಾಗಂಗೆ ಮುಗುಸ್ಲಿಲ್ಲ.”

“ಒಂದೂ?”

“ಒಂದೂ.”

ಮಾವನ ಲಾಳಿ ನಿಂತಿತು. ಅವರಿಗೆ ಅದು ಫೇಲಾದ ಮಾತಿನ ಹಾಗೆಯೇ ಕೇಳಿಸಿತು. ಫಲಿತಾಂಶ ಬಂದ ವಾರವೇ ಮಾತಿಗೆ ಬನ್ನಿ ಅಂತ ಯಳಂದೂರಿಗೆ ಹೇಳಿಕಳಿಸಿದರು. ನಾದಿನಿ ಆ ಬೇಸಿಗೆ ಪೂರ್ತಿ ಹರಳೆಣ್ಣೆ ತಿಕ್ಕಿ ತಿಕ್ಕಿ ಬೆರಳು ಮೆತ್ತಗೆ ಮಾಡಿಕೊಂಡಳು. ಅದು ಯಳಂದೂರಿಗೋ ಯಾತಕ್ಕೋ ನಾನು ಕೇಳಲಿಲ್ಲ.

ಫಲಿತಾಂಶವನ್ನು ಕಾಲೇಜಿನ ಹಲಗೆಗೆ ಹಚ್ಚಿದ ದಿನ ಒಬ್ಬಳೇ ಹೋದಳು. ಎರಡು ಮಗ್ಗವೂ ನಡೆಯುತ್ತಿದ್ದವು. ಬಂದು ಹೊಸ್ತಿಲ ಮೇಲೆ ನಿಂತಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಅದರಿಂದ ಏನೂ ತಿಳಿಯುವ ಹಾಗಿರಲಿಲ್ಲ.

“ಪಾಸು” ಅಂದಳು. “ಸೆಕೆಂಡ್ ಕ್ಲಾಸು.”

“ಎಲ್ಲಾದ್ರಲ್ಲೂವಾ?” ಅಂದರು ಮಾವ.

“ಎಲ್ಲಾದ್ರಲ್ಲೂವೆ.”

“ಒಂದೂ ಮುಗುಸ್ದೇಯಾ?”

“ಒಂದೂ ಮುಗುಸ್ದೇ.”

ಮಾವ ಲಾಳಿಯನ್ನು ಹಾಸಿನ ನಡುವೆ ಅಲ್ಲೇ ಬಿಟ್ಟರು. ಆಚೆ ದಡ ಮುಟ್ಟಿಸಲಿಲ್ಲ. ಗುಂಡಿಯಿಂದ ಮೇಲೆದ್ದು ಅಂಗಿ ಹಾಕಿಕೊಂಡು, ಗುಂಡಿ ಕೂಡ ಹಾಕದೆ, ಕಾಲೇಜಿನ ಕಡೆ ನಡೆದರು. ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಹಲಗೆಯ ಮುಂದೆ ನಿಂತು ಯಾರನ್ನು ಕೇಳಿ ಓದಿಸಿಕೊಂಡರೋ ಗೊತ್ತಿಲ್ಲ. ನನ್ನ ಗಂಡ ತಮ್ಮ ಮಗ್ಗ ನಿಲ್ಲಿಸಿ ಅಪ್ಪನ ಖಾಲಿ ಮಗ್ಗವನ್ನೇ ನೋಡುತ್ತ ಕುಳಿತರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವಳು ಬಿ.ಎ. ಮುಗಿಸಿದಳು, ಎಪ್ಪತ್ತರ ದಶಕದಲ್ಲಿ ಹೈಸ್ಕೂಲಿಗೆ ಟೀಚರಾದಳು. ಕೆಲಸ ಸಿಕ್ಕಿದ್ದು ಎಲ್ಲಿ ಅಂದರೆ ಯಳಂದೂರಿನಲ್ಲಿ. ಕಿವಿ ಕೆರೆಯುವವನು ಅಷ್ಟರಲ್ಲಿ ಬೇರೆ ಕಡೆ ಮದುವೆಯಾಗಿ ಚೆನ್ನಾಗಿಯೇ ಇದ್ದ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ನಮಸ್ಕಾರ ಟೀಚರ್ ಅಂತ ಎರಡೂ ಕಿವಿ ಕೆರೆದುಕೊಳ್ಳುತ್ತಿದ್ದನಂತೆ. ಅವಳ ಮನೆಗೆ ಹೋದರೆ ಈಗಲೂ ಒಲೆಯ ಮೇಲೆ ಏನಾದರೊಂದು ಉಕ್ಕುತ್ತಿರುತ್ತದೆ. ಸಾರು ಅಷ್ಟಕ್ಕಷ್ಟೇ.

ಕಾಲೇಜಿಗೆ ಹೋಗುವ ಮಕ್ಕಳಿಗೆ ಯಾವ ಗುಣ ಬೇಕು ಅಂತ ನನ್ನನ್ನು ಕೇಳಿದರೆ, ಕುಳಿತುಕೊಳ್ಳುವುದಕ್ಕೂ ಬರಬೇಕು, ಏಳುವುದಕ್ಕೂ ಬರಬೇಕು ಅನ್ನುತ್ತೇನೆ. ಬೀದಿಯ ಕೊನೆಯ ಹುಡುಗನಿಗೆ ಮೊದಲನೆಯದು ಬರಲಿಲ್ಲ, ಅವನು ಆ ವರ್ಷ ಫೇಲಾದ. ನಮ್ಮವಳಿಗೆ ಎರಡನೆಯದು ಬರುತ್ತಿರಲಿಲ್ಲ, ಕಲಿತಳು. ಕೋಟು ಹಾಕಿದವರು ಇದನ್ನು ಹೇಳಲಿಲ್ಲ. ಅವರು ಅಡಿಗೆ ಮಾಡುವುದಿಲ್ಲ ಅಂತ ಕಾಣುತ್ತದೆ.

ಆವತ್ತು ಮಾವ ಮನೆಗೆ ಬಂದದ್ದು ಹೊತ್ತು ಮುಳುಗಿದ ಮೇಲೆ. ದಾರಿಯಲ್ಲಿ ಪರಿಚಯದವರ ಮನೆ ಎಷ್ಟಿವೆಯೋ ಅಷ್ಟೂ ಮನೆಯ ಜಗಲಿ ಹತ್ತಿ ಇಳಿದು ಬಂದಿದ್ದರು. ಬಂದವರೇ ಮಗ್ಗದ ಮೇಲೆ ಬಗ್ಗಿದರು. ಅಷ್ಟು ಹೊತ್ತು ಹಾಸು ಬಿಗಿದು ನಿಂತರೆ ಬಟ್ಟೆಗೆ ಅಡ್ಡಲಾಗಿ ಒಂದು ಗೆರೆ ಬೀಳುತ್ತದೆ. ಬಿದ್ದಿತ್ತು. ಸೀರೆಯ ಒಡಲಲ್ಲಿ, ಸೆರಗಿನಿಂದ ಎರಡು ಮೊಳ ದೂರದಲ್ಲಿ.

“ಗೆರೆ ಬಿದ್ದದೆ ಅಪ್ಪ. ಬಿಚ್ಲಾ?” ಅಂದರು ನನ್ನ ಗಂಡ.

ಮಾವ ಉಗುರಿನಿಂದ ಗೆರೆಯನ್ನು ಸವರಿ ನೋಡಿದರು. ಆಮೇಲೆ ಗುಂಡಿಗೆ ಇಳಿದು ಕುಳಿತು, ನಡುವೆ ನಿಂತಿದ್ದ ಲಾಳಿಯನ್ನು ಕೈಗೆ ತೆಗೆದುಕೊಂಡರು.

“ಬುಡು ಅತ್ಲಾಗೆ” ಅಂದರು. “ದೀಪ ಅತ್ರ ತಕಂಡ್ ಬಾ.”

ಮತ್ತೆ ನೇಯತೊಡಗಿದರು. ನಾನು ಊಟಕ್ಕೆ ಕರೆದೆ. ಎರಡನೇ ಸಲ ಕರೆಯಬೇಕಾಗಲಿಲ್ಲ.